ಹದಿನಾಲ್ಕನೆಯ ಪುಟದ ಅಜ್ಜಿ

ಪ್ರಿಯ ಕಥೆಗಾರರೇ,

ನೀವು ಕಳುಹಿಸಿದ ‘ಮೂಲಗ್ರಂಥ’ ಕಥೆಯನ್ನು ಎರಡು ಸಲ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲು ಸಾಧ್ಯವಿಲ್ಲ. ಹಾಗೆಂದು ವಿಷಾದದ ಎರಡು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ನಿಮ್ಮ 31 ಪುಟಗಳಲ್ಲಿ ಅರ್ಧ ಪುಟದಷ್ಟು ಬರಹ ನನ್ನನ್ನು ಬಿಡದೆ ಹಿಡಿದುಕೊಂಡಿದೆ. ಆ ಅರ್ಧ ಪುಟಕ್ಕಾಗಿ ಈ ಉದ್ದನೆಯ ಕಾಗದ.

ಕಥೆಯ ಹಂದರವನ್ನು ನಾನು ಅರ್ಥಮಾಡಿಕೊಂಡಂತೆ ಹೇಳುತ್ತೇನೆ. ಮಂಗಳ ಗ್ರಹದ ಒಂದು ವಸಾಹತಿನ ಜನ ಮುನ್ನೂರು ವರ್ಷಗಳಿಂದ ಒಂದು ಗ್ರಂಥವನ್ನು ಪೂಜಿಸುತ್ತಾ ಬಂದಿದ್ದಾರೆ. ತಂತ್ರಜ್ಞ ಚಿನ್ಮಯನಿಗೆ ಹಳೆಯ ಉಗ್ರಾಣದಲ್ಲಿ ಅದರ ಮೊದಲ ಮುದ್ರಣದ ಪ್ರತಿ ಸಿಗುತ್ತದೆ. ರಕ್ಷಾಪುಟದ ಮೇಲೆ ‘ವೈಜ್ಞಾನಿಕ ಕಾದಂಬರಿ’ ಎಂದು ಅಚ್ಚಾಗಿದೆ, ಮೂಲೆಯಲ್ಲಿ 120 ರೂಪಾಯಿ ಬೆಲೆಯಿದೆ. ಅವನು ಅದನ್ನು ಪ್ರಾರ್ಥನಾ ಮಂದಿರದಲ್ಲಿ ಎತ್ತಿ ತೋರಿಸುತ್ತಾನೆ. ಪ್ರಧಾನಾಚಾರ್ಯ ಕುಸಿದು ಕೂರುತ್ತಾನೆ, ಜನ ಗೋಳಾಡುತ್ತಾರೆ, ಬೆಳಗಾಗುವಷ್ಟರಲ್ಲಿ ಆ ಧರ್ಮ ಮುಗಿದುಹೋಗಿರುತ್ತದೆ. ಜೊತೆಗಿಟ್ಟ ಪತ್ರದಲ್ಲಿ ನೀವು, ‘ವಿಜ್ಞಾನ ಕಥೆಯೊಂದು ನಿಜವಾದ ಧರ್ಮವನ್ನು ಹುಟ್ಟಿಸಬಲ್ಲದೇ ಎಂದು ಯಾರೂ ಇದುವರೆಗೆ ಕೇಳಿಲ್ಲ’ ಎಂದು ಬರೆದಿದ್ದೀರಿ.

ಕೇಳಿದ್ದಾರೆ. ಅಷ್ಟೇ ಅಲ್ಲ, ಹಾಗೆ ಹುಟ್ಟಿಯೂ ಇದೆ. ಅದು ಹುಟ್ಟಿದ ಬಗೆ ನಿಮ್ಮ ಕಥೆಯ ಬುಡವನ್ನೇ ಅಲುಗಿಸುತ್ತದೆ. ಅದಕ್ಕಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1961ರಲ್ಲಿ ಅಮೆರಿಕದ ರಾಬರ್ಟ್ ಹೈನ್‌ಲೈನ್ ಅವರ ‘ಸ್ಟ್ರೇಂಜರ್ ಇನ್ ಎ ಸ್ಟ್ರೇಂಜ್ ಲ್ಯಾಂಡ್’ ಎಂಬ ಕಾದಂಬರಿ ಹೊರಬಂತು. ಮಂಗಳದಲ್ಲಿ ಹುಟ್ಟಿ, ಅಲ್ಲಿನ ಜೀವಿಗಳ ಕೈಯಲ್ಲಿ ಬೆಳೆದ ಮನುಷ್ಯನೊಬ್ಬ ಭೂಮಿಗೆ ಬರುತ್ತಾನೆ. ಒಂದು ಪಂಥವನ್ನು ಕಟ್ಟುತ್ತಾನೆ. ಕೊನೆಗೆ ಉದ್ರಿಕ್ತ ಗುಂಪಿನ ಕೈಯಲ್ಲಿ ಸಾಯುತ್ತಾನೆ. ಅವನು ಬೆಳೆದ ಮಂಗಳದಲ್ಲಿ ನೀರು ಬಹಳ ಅಪರೂಪ. ಹಾಗಾಗಿ ಒಬ್ಬರು ಇನ್ನೊಬ್ಬರಿಗೆ ಒಂದು ಲೋಟ ನೀರು ಕೊಟ್ಟು ತಾವೂ ಅದನ್ನೇ ಕುಡಿದರೆ, ಆ ನಂಟು ರಕ್ತಸಂಬಂಧಕ್ಕಿಂತ ಗಟ್ಟಿ. ಮಿಸೂರಿ ರಾಜ್ಯದ ಫುಲ್ಟನ್ ಎಂಬ ಪುಟ್ಟ ಊರಿನ ವೆಸ್ಟ್‌ಮಿನ್‌ಸ್ಟರ್ ಕಾಲೇಜಿನಲ್ಲಿ ಓದುತ್ತಿದ್ದ ಟಿಮ್ ಝೆಲ್ ಮತ್ತು ಲ್ಯಾನ್ಸ್ ಕ್ರಿಸ್ಟಿ ಎಂಬ ಇಬ್ಬರು ಗೆಳೆಯರು ಆ ಕಾದಂಬರಿಯನ್ನು ಓದಿದರು. 1962ರ ಏಪ್ರಿಲ್ 7ರಂದು ಅವರು ಪರಸ್ಪರ ನೀರು ಹಂಚಿಕೊಂಡರು.

ಎಲ್ಲವೂ ಶುರುವಾದದ್ದು ಅಲ್ಲಿಂದ. ಆಕಾಶವಾಣಿ ಆಗಲಿಲ್ಲ, ಬೆಟ್ಟದ ಮೇಲೆ ಮಿಂಚು ಹೊಳೆಯಲಿಲ್ಲ, ಗುಟ್ಟಾಗಿ ಬಚ್ಚಿಟ್ಟ ಗ್ರಂಥವೂ ಇರಲಿಲ್ಲ. ಇಬ್ಬರು ಹುಡುಗರು ಪುಸ್ತಕದಲ್ಲಿ ಓದಿದ್ದನ್ನು ಕೈಯಾರೆ ಮಾಡಿದರು. ಕಾದಂಬರಿಯಲ್ಲಿದ್ದ ಪಂಥದ ಹೆಸರನ್ನೇ ಇಟ್ಟುಕೊಂಡು ‘ಚರ್ಚ್ ಆಫ್ ಆಲ್ ವರ್ಲ್ಡ್ಸ್’ ಎಂಬ ಸಂಸ್ಥೆ 1968ರಲ್ಲಿ ಕಾನೂನುಬದ್ಧವಾಗಿ ನೋಂದಣಿಯಾಯಿತು. ದೇವರು, ಪರಲೋಕ, ಸ್ವರ್ಗ ನರಕ, ಪಾಪ ಇವುಗಳ ಚಿಂತೆಯೇ ಇಲ್ಲದ ಇದೆಂಥ ಧರ್ಮ ಎಂದು ಮಿಸೂರಿಯ ಕಂದಾಯ ಇಲಾಖೆ ತಕರಾರು ತೆಗೆಯಿತು. ಆದರೆ 1970ರಲ್ಲಿ ಅಮೆರಿಕದ ಕೇಂದ್ರ ತೆರಿಗೆ ಇಲಾಖೆ ಅದಕ್ಕೆ ಧಾರ್ಮಿಕ ಸಂಸ್ಥೆಯ ವಿನಾಯಿತಿ ನೀಡಿತು. ನೀರು ಕೊಡುವಾಗ ಅವರು ಹೇಳುವ ಮಾತಿನ ಭಾವ ಇಷ್ಟೇ: ನಿನಗೆಂದೂ ಬಾಯಾರದಿರಲಿ. ಇನ್ನೊಂದು ಮಾತು, ನೀನೇ ದೇವರು. ಉಪನಿಷತ್ತಿನ ಮಹಾವಾಕ್ಯಗಳನ್ನು ಕೇಳಿ ಬೆಳೆದ ಕಿವಿಗೆ ಇದು ಹೊಸದಲ್ಲ, ಆದರೆ ಆ ಹುಡುಗರಿಗೆ ಅದು ಸಿಕ್ಕಿದ್ದು ಒಂದು ಕಾದಂಬರಿಯಲ್ಲಿ.

ಈಗ ನಿಮ್ಮ ಕಥೆಗೆ ಬನ್ನಿ. ಫುಲ್ಟನ್ನಿನ ಆ ಇಬ್ಬರಿಗೆ ತಾವು ಓದಿದ್ದು ಕಾದಂಬರಿ ಎಂದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಲೇಖಕರು ಬದುಕಿದ್ದರು, ಅವರೊಂದಿಗೆ ಝೆಲ್ ಪತ್ರವ್ಯವಹಾರವನ್ನೂ ಮಾಡಿದರು. ಕಾದಂಬರಿಗೆ 1962ರಲ್ಲಿ ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂದಿತ್ತು, ಅಂದರೆ ಅದು ಕಟ್ಟುಕಥೆ ಎಂಬುದು ಊರಿಗೆಲ್ಲ ತಿಳಿದ ಸಂಗತಿ. ರಕ್ಷಾಪುಟವನ್ನು ಅವರ ಮುಂದೆ ಎತ್ತಿ ಹಿಡಿದಿದ್ದರೆ ಅವರು ಕುಸಿದು ಕೂರುತ್ತಿರಲಿಲ್ಲ. ‘ಹೌದು, ಗೊತ್ತು, ಬನ್ನಿ, ನೀರು ಕುಡಿಯಿರಿ’ ಎನ್ನುತ್ತಿದ್ದರೇನೋ.

ನಿಮ್ಮ ಕಥೆ ಸೋಲುವುದು ಇಲ್ಲಿ. ಜನ ಒಂದು ಕಥೆಯನ್ನು ಧರ್ಮವಾಗಿಸಿಕೊಂಡರೆ ಅವರು ಮೋಸಹೋಗಿರಲೇಬೇಕು ಎಂದು ನೀವು ಮೊದಲೇ ತೀರ್ಮಾನಿಸಿದ್ದೀರಿ. ಅದಕ್ಕೇ ನಿಮ್ಮ ವಸಾಹತಿನ ಎಂಟುನೂರು ಜನರಲ್ಲಿ ಚಿನ್ಮಯನೊಬ್ಬನಿಗೆ ಮಾತ್ರ ಬುದ್ಧಿಯಿದೆ. ಉಳಿದವರೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಪೆದ್ದರು. ಮುನ್ನೂರು ವರ್ಷ ಗಾಳಿಯಿಲ್ಲದ ನೆಲದಲ್ಲಿ ಬದುಕಿ ಉಳಿದವರು ಅಷ್ಟು ಪೆದ್ದರಾಗಿರಲು ಸಾಧ್ಯವೇ? ಓದುಗ ಮೂರನೆಯ ಪುಟದಲ್ಲೇ ಗುಟ್ಟನ್ನು ಊಹಿಸುತ್ತಾನೆ. ಮುಂದಿನ 28 ಪುಟ ಅವನು ಚಿನ್ಮಯನ ಜೊತೆ ನಿಂತು ಮಿಕ್ಕವರನ್ನು ಕೀಳಾಗಿ ನೋಡುವುದಷ್ಟೇ ಉಳಿಯುತ್ತದೆ.

ನಾನು ಚಿಕ್ಕವನಿದ್ದಾಗ ಪುಸ್ತಕಕ್ಕೆ ಕಾಲು ತಗುಲಿದರೆ ಅಮ್ಮ ಅದನ್ನು ಎತ್ತಿ ನನ್ನ ಕಣ್ಣಿಗೆ ಒತ್ತಿಸುತ್ತಿದ್ದಳು. ಅದು ಲೆಕ್ಕದ ಪುಸ್ತಕವೋ ಬಾಡಿಗೆಗೆ ತಂದ ಪತ್ತೇದಾರಿ ಕಾದಂಬರಿಯೋ ಎಂದು ಅವಳು ಒಮ್ಮೆಯೂ ತಿರುಗಿಸಿ ನೋಡಿದವಳಲ್ಲ. ಅವಳಿಗೆ ಕಾದಂಬರಿ ಎಂದರೇನೆಂದು ತಿಳಿದಿರಲಿಲ್ಲವೇ? ಮಧ್ಯಾಹ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಅದೇ ಪತ್ತೇದಾರಿಯನ್ನು ಓದಿ ಮುಗಿಸುತ್ತಿದ್ದವಳು ಅವಳೇ. ತಿಳಿವಳಿಕೆ ಮತ್ತು ಭಕ್ತಿ ಎರಡೂ ಒಂದೇ ಕೈಯಲ್ಲಿ ಹೀಗೆ ಇರುವುದನ್ನು ಬರೆಯುವುದು ಕಷ್ಟ. ಆ ಕಷ್ಟವನ್ನು ನೀವು ತೆಗೆದುಕೊಂಡಿಲ್ಲ ಎಂಬುದೇ ನನ್ನ ದೂರು.

ಇನ್ನು ಎಣಿಕೆಯ ಮಾತು. ನಿಮ್ಮ ಪ್ರಧಾನಾಚಾರ್ಯ ‘ನಮ್ಮ ಮತ ನಾಲ್ಕು ಗ್ರಹಗಳಿಗೆ ಹರಡಿದೆ’ ಎಂದು ಎರಡು ಪುಟ ಭಾಷಣ ಮಾಡುತ್ತಾನೆ. ಹರಡುವುದೇ ಧರ್ಮದ ಗುರುತಲ್ಲ. 2001ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 3,90,127 ಮಂದಿ ತಮ್ಮ ಧರ್ಮ ‘ಜೆಡೈ’ ಎಂದು ಬರೆಸಿದರು. ಅದು ‘ಸ್ಟಾರ್ ವಾರ್ಸ್’ ಸಿನಿಮಾದಲ್ಲಿ ಬರುವ ಯೋಧರ ಪಂಥ. ಹಾಗೆ ಬರೆಯಿರಿ ಎಂದು ಇಮೇಲಿನಲ್ಲಿ ಹರಿದಾಡಿದ ಕರೆ ಅದಕ್ಕೆ ಮುಖ್ಯ ಕಾರಣ. ಹತ್ತು ವರ್ಷದ ನಂತರ ಆ ಸಂಖ್ಯೆ 1,76,632ಕ್ಕೆ ಇಳಿಯಿತು, 2021ರ ಹೊತ್ತಿಗೆ ಎರಡು ಸಾವಿರವೂ ಉಳಿಯಲಿಲ್ಲ. ಆದರೆ ಅದೇ ಹೆಸರಿನಲ್ಲಿ ನಿಜವಾಗಿ ಧ್ಯಾನಕ್ಕೆ ಕೂರುವ, ಒಂದು ಶಿಸ್ತನ್ನು ಪಾಲಿಸುವ ಸಣ್ಣ ಗುಂಪುಗಳೂ ಇವೆ. ಕಾಲಂ ತುಂಬಿದ ಲಕ್ಷಾಂತರ ಜನರಿಗಿಂತ ಆ ಹತ್ತಾರು ಮಂದಿಯ ಬಗ್ಗೆ ಬರೆಯಬೇಕೆನಿಸುತ್ತದೆ ನನಗೆ.

ನಿಮ್ಮ ಪತ್ರದಲ್ಲಿ ಸೈಂಟಾಲಜಿ ಎಂಬ ಅಮೆರಿಕದ ಹೊಸ ಧರ್ಮದ ಪ್ರಸ್ತಾಪವೂ ಇದೆ. ವಿಜ್ಞಾನ ಕಥೆಗಾರ ಎಲ್. ರಾನ್ ಹಬ್ಬರ್ಡ್ ತಮ್ಮ ಜೊತೆಗಾರ ಲೇಖಕರೊಂದಿಗೆ ಪಂದ್ಯ ಕಟ್ಟಿ ಆ ಧರ್ಮ ಸ್ಥಾಪಿಸಿದರು ಎಂದು ಬರೆದಿದ್ದೀರಿ. ಆ ಪಂದ್ಯಕ್ಕೆ ಪುರಾವೆಯಿಲ್ಲ, ಅದನ್ನು ಬಿಟ್ಟುಬಿಡಿ. ಖಚಿತವಾಗಿ ಗೊತ್ತಿರುವುದು ಬೇರೆಯೇ ಇದೆ, ಅದು ಪಂದ್ಯದ ಕಥೆಗಿಂತ ಹೆಚ್ಚು ಯೋಚಿಸುವಂತೆ ಮಾಡುತ್ತದೆ. ಹಬ್ಬರ್ಡ್ ಅವರ ‘ಡಯನೆಟಿಕ್ಸ್’ ಎಂಬ ಮನೋಚಿಕಿತ್ಸೆಯ ಸಿದ್ಧಾಂತದ ಲೇಖನ 1950ರ ಮೇ ತಿಂಗಳಲ್ಲಿ ‘ಅಸ್ಟೌಂಡಿಂಗ್ ಸೈನ್ಸ್ ಫಿಕ್ಷನ್’ ಎಂಬ ಕಥಾ ಪತ್ರಿಕೆಯಲ್ಲಿ ಬಂತು. ಅದನ್ನು ಉತ್ಸಾಹದಿಂದ ಪ್ರಕಟಿಸಿ, ಸ್ವತಃ ನಂಬಿ, ಓದುಗರಿಗೂ ಹೇಳಿದವರು ಸಂಪಾದಕ ಜಾನ್ ಡಬ್ಲ್ಯು. ಕ್ಯಾಂಪ್‌ಬೆಲ್. ಅವರ ಕಾಲದ ಅತ್ಯುತ್ತಮ ವಿಜ್ಞಾನ ಕಥೆಗಳನ್ನು ಆರಿಸಿ ತಿದ್ದಿದ ಕೈ ಅದು. 1953ರ ಡಿಸೆಂಬರಿನಲ್ಲಿ ನ್ಯೂಜೆರ್ಸಿಯಲ್ಲಿ ಹಬ್ಬರ್ಡ್ ತಮ್ಮ ಸೈಂಟಾಲಜಿ ಚರ್ಚನ್ನು ನೋಂದಾಯಿಸಿದರು. ಇದು ಕಾದಂಬರಿಯಿಂದ ಹುಟ್ಟಿದ ಧರ್ಮವಲ್ಲ, ಕಥೆಗಾರನಿಂದ ಹುಟ್ಟಿದ್ದು. ಎರಡನ್ನೂ ನೀವು ಒಂದೇ ಬುಟ್ಟಿಗೆ ಹಾಕಿದ್ದೀರಿ. ಸಂಪಾದಕನ ಕುರ್ಚಿಯಲ್ಲಿ ಕುಳಿತ ನನಗೆ ಕ್ಯಾಂಪ್‌ಬೆಲ್ ಆಗಾಗ ನೆನಪಾಗುತ್ತಾರೆ. ಕಥೆ ಯಾವುದು, ಲೇಖನ ಯಾವುದು ಎಂದು ಓದುಗರಿಗೆ ಬಿಡಿಸಿ ಹೇಳುವ ಹೊಣೆ ಅವರ ಮೇಲಿತ್ತು. ಆ ಹೊಣೆ ಇಂದು ನನ್ನ ಮೇಲೂ ಇದೆ.

ಕೇಡಿನ ಕಡೆಯನ್ನು ನೀವು ಮುಟ್ಟಿಯೇ ಇಲ್ಲ. 1997ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ರಾಂಚೊ ಸಾಂಟಾ ಫೆ ಎಂಬಲ್ಲಿ ‘ಹೆವನ್ಸ್ ಗೇಟ್’ ಪಂಥದ 39 ಮಂದಿ ಒಟ್ಟಿಗೆ ಪ್ರಾಣ ಬಿಟ್ಟರು. ಹೇಲ್-ಬಾಪ್ ಧೂಮಕೇತುವಿನ ಬೆನ್ನಿಗೆ ತಮ್ಮನ್ನು ಕರೆದೊಯ್ಯುವ ನೌಕೆ ಬರುತ್ತಿದೆ ಎಂದು ಅವರು ನಂಬಿದ್ದರು. ಅವರ ತೋಳಿನ ಮೇಲೆ ಹೊಲಿದ ಪಟ್ಟಿಯಲ್ಲಿ ‘ಅವೇ ಟೀಮ್’ ಎಂದಿತ್ತು. ‘ಸ್ಟಾರ್ ಟ್ರೆಕ್’ ಧಾರಾವಾಹಿಯಲ್ಲಿ ನೌಕೆಯಿಂದ ಇಳಿದು ಅಪರಿಚಿತ ಗ್ರಹಕ್ಕೆ ಹೋಗುವ ತಂಡವನ್ನು ಹಾಗೆ ಕರೆಯುತ್ತಾರೆ. ಯಾರೋ ಸೂಜಿ ದಾರ ಹಿಡಿದು ಕುಳಿತು ಆ ಪಟ್ಟಿಗಳನ್ನು ಒಂದೊಂದಾಗಿ ಅಂಗಿಗಳಿಗೆ ಹೊಲಿದಿರಬೇಕು. ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಫುಲ್ಟನ್ನಿನಲ್ಲಿ ನೀರಾದ ಕಥೆ ಇಲ್ಲಿ ಸಾವಿನ ಸಮವಸ್ತ್ರವಾಯಿತು. ಧರ್ಮವನ್ನು ಕುರಿತು ಬರೆಯುವವರು ಈ ಎರಡನ್ನೂ ಒಟ್ಟಿಗೆ ಎದೆಯಲ್ಲಿಟ್ಟುಕೊಳ್ಳಬೇಕು. ನಿಮ್ಮ ಕಥೆಯಲ್ಲಿ ಪ್ರೀತಿಯೂ ಇಲ್ಲ, ಭಯವೂ ಇಲ್ಲ, ಚಿನ್ಮಯನ ಗೆಲುವು ಮಾತ್ರ ಇದೆ.

ಭಾಷೆಯ ಬಗ್ಗೆ ಎರಡು ಮಾತು. ‘ನಿನಗೆ ಗೊತ್ತಿರುವ ಹಾಗೆ, ಮಂಗಳದ ಗುರುತ್ವ ಭೂಮಿಯ ಶೇ 38ರಷ್ಟು’ ಎಂದು ಅಲ್ಲೇ ಹುಟ್ಟಿ ಬೆಳೆದವನು ಅಲ್ಲೇ ಹುಟ್ಟಿ ಬೆಳೆದವಳಿಗೆ ಹೇಳುವುದಿಲ್ಲ. ಮಗು ಮೆಟ್ಟಿಲು ಹತ್ತುವಾಗ ನಾಲ್ಕು ಮೆಟ್ಟಿಲು ಒಟ್ಟಿಗೆ ಹಾರಲಿ, ಓದುಗನಿಗೆ ತಿಳಿಯುತ್ತದೆ. ನಿಮ್ಮ ಗ್ರಂಥದ ಶ್ಲೋಕಗಳು ಸಮಾಸದ ಮೇಲೆ ಸಮಾಸ ಹೇರಿಕೊಂಡಿವೆ. ‘ಅನಂತವ್ಯೋಮವಾಹಿನೀ’ ಎಂದು ದಿನಕ್ಕೆ ಆರು ಸಲ ಯಾರು ಹೇಳುತ್ತಾರೆ? ‘ನಿನಗೆಂದೂ ಬಾಯಾರದಿರಲಿ’ ಎಂಬಂಥ ಮಾತನ್ನು ನೋಡಿ. ಕೈಯಲ್ಲಿ ಲೋಟ ಹಿಡಿದು, ಕೊಂಚ ನಾಚಿಕೆಯಿಂದ, ಯಾರು ಬೇಕಾದರೂ ಹೇಳಬಹುದು.

ಇಷ್ಟು ಹೇಳಿದ ಮೇಲೆ ಆ ಅರ್ಧ ಪುಟಕ್ಕೆ ಬರುತ್ತೇನೆ. ಹದಿನಾಲ್ಕನೆಯ ಪುಟದಲ್ಲಿ ಚಿನ್ಮಯನ ಅಜ್ಜಿ ಗೌರಮ್ಮ ಹೊರಬಾಗಿಲ ಹತ್ತಿರ ಬರುತ್ತಾಳೆ. ಒಳಗಿನ ಗಾಳಿಯ ಒತ್ತಡ ತೋರಿಸುವ ಮಾಪಕ ಅಲ್ಲಿದೆ. ಅವಳು ಅದರ ಗಾಜಿನ ಮೇಲೆ ಉಸಿರು ಬಿಡುತ್ತಾಳೆ, ಮಂಜಾದ ಗಾಜನ್ನು ಸೆರಗಿನ ತುದಿಯಿಂದ ಒರೆಸುತ್ತಾಳೆ, ಆ ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡು ಮುಂದೆ ಹೋಗುತ್ತಾಳೆ. ಏಕೆ ಎಂದು ಮೊಮ್ಮಗ ಕೇಳಿದರೆ, ‘ನಮ್ಮಮ್ಮ ಮಾಡುತ್ತಿದ್ದಳು’ ಎನ್ನುತ್ತಾಳೆ. ನೀವು ಅದನ್ನು ಆರು ಸಾಲಿನಲ್ಲಿ ಬರೆದು ಮುಂದಕ್ಕೆ ಓಡಿದ್ದೀರಿ.

ಓಡಬೇಡಿ, ಅಲ್ಲೇ ನಿಲ್ಲಿ. ಮಂಗಳದ ವಾತಾವರಣದ ಒತ್ತಡ ಭೂಮಿಯದರ ಶೇ 1ಕ್ಕಿಂತಲೂ ಕಡಿಮೆ. ಆ ಮಾಪಕದ ಮುಳ್ಳು ಇಳಿದರೆ ಎಲ್ಲರೂ ಸಾಯುತ್ತಾರೆ. ಗಾಜು ಸ್ವಚ್ಛವಾಗಿರಬೇಕು, ಮುಳ್ಳು ಕಾಣಬೇಕು. ವಸಾಹತಿನವರ ಆ ಮೂಲ ಕಾದಂಬರಿಯಲ್ಲಿ ಇದನ್ನು ಮಾಡುತ್ತಿದ್ದವನು ಒಬ್ಬ ಸಾಮಾನ್ಯ ಕಾವಲುಗಾರನಾಗಿದ್ದಿರಬಹುದು. ಮೊದಲ ತಲೆಮಾರಿನವರು ಓದಿದ್ದರು, ಇಷ್ಟಪಟ್ಟಿದ್ದರು, ಬಾಗಿಲು ದಾಟುವಾಗಲೆಲ್ಲ ಹಾಗೆಯೇ ಮಾಡಿದರು, ಬದುಕಿ ಉಳಿದರು. ಕಣ್ಣಿಗೆ ಒತ್ತಿಕೊಳ್ಳುವುದನ್ನು ಸೇರಿಸಿದ್ದು ಯಾರೋ ಒಬ್ಬ ತಾಯಿ. ಅದು ಪುಸ್ತಕದಲ್ಲಿ ಇಲ್ಲದಿರಲಿ. ನಿಮ್ಮ ಧರ್ಮ ಪುಸ್ತಕವನ್ನು ಬಿಟ್ಟು ತನ್ನ ಕಾಲ ಮೇಲೆ ನಿಲ್ಲುವುದು ಆ ಘಳಿಗೆಯಲ್ಲಿ. ಝೆಲ್ ಅವರ ಪಂಥವೂ ಹೀಗೆಯೇ ಕಾದಂಬರಿಯನ್ನು ದಾಟಿತು. ಭೂಮಿಯೇ ಒಂದು ಜೀವಂತ ದೇವತೆ ಎಂಬ ಚಿಂತನೆಯತ್ತ ಅದು ಹೊರಳಿದ್ದು 1970ರ ನಂತರ. ಆದರೆ ನೀರಿನ ಲೋಟವನ್ನು ಅವರು ಕೈಬಿಡಲಿಲ್ಲ.

ಮಾದರಿಯೊಂದು ಬೇಕಿದ್ದರೆ ಆಕ್ಟೇವಿಯಾ ಬಟ್ಲರ್ ಅವರ 1993ರ ‘ಪ್ಯಾರಬಲ್ ಆಫ್ ದಿ ಸೋವರ್’ ಓದಿ. ಕುಸಿದುಬೀಳುತ್ತಿರುವ ಅಮೆರಿಕದಲ್ಲಿ ಒಬ್ಬ ಹದಿಹರೆಯದ ಹುಡುಗಿ ತನ್ನದೇ ಧರ್ಮವನ್ನು ಸಾಲು ಸಾಲಾಗಿ ಬರೆದುಕೊಳ್ಳುತ್ತಾ ಉತ್ತರಕ್ಕೆ ನಡೆಯುತ್ತಾಳೆ. ಕೊನೆಯಲ್ಲಿ ಅವಳ ಗುಂಪು ಸತ್ತವರ ಹೆಸರಿನಲ್ಲಿ ಓಕ್ ಮರದ ಬೀಜಗಳನ್ನು ನೆಡುತ್ತದೆ. ಆ ಪುಟ ಓದುವಾಗ ನಾನು ಅವಳ ಸಿದ್ಧಾಂತವನ್ನು ಮರೆತೆ, ಮಣ್ಣಾದ ಕೈಗಳನ್ನು ನೋಡುತ್ತಿದ್ದೆ. ಆ ಕಾದಂಬರಿಯ ಧರ್ಮದಿಂದಲೂ ಹೊರಗಿನ ಜಗತ್ತಿನ ಕೆಲವರು ಸ್ಫೂರ್ತಿ ಪಡೆದಿದ್ದಾರೆ.

ಲೇಖಕನ ಹೊಣೆಯೇನು ಎಂದೂ ನೀವು ಕೇಳಿದ್ದೀರಿ. ಹೈನ್‌ಲೈನ್ ತಮ್ಮ ಓದುಗರಿಗೆ ಹೇಳಿದ್ದರ ತಾತ್ಪರ್ಯ, ತಾವು ಉತ್ತರ ಕೊಡಲು ಹೊರಟಿರಲಿಲ್ಲ, ಓದುಗರು ತಮ್ಮ ಪೂರ್ವಗ್ರಹ ಬಿಟ್ಟು ತಾವೇ ಯೋಚಿಸಲಿ ಎಂಬುದಷ್ಟೇ ಬಯಕೆಯಾಗಿತ್ತು ಎಂಬುದು. ಅದಕ್ಕಿಂತ ಹೆಚ್ಚನ್ನು ನಾನೂ ನಿಮ್ಮಿಂದ ಕೇಳುವುದಿಲ್ಲ.

ತಿದ್ದುವಾಗ ಪ್ರಧಾನಾಚಾರ್ಯನ ಭಾಷಣ, ಉಗ್ರಾಣದ ಸಾಹಸ ಎರಡನ್ನೂ ಕತ್ತರಿಸಿ. ರಕ್ಷಾಪುಟ ಸಿಗುವುದು ಎರಡನೆಯ ಪುಟದಲ್ಲೇ ಆಗಿಹೋಗಲಿ. ಚಿನ್ಮಯ ಅದನ್ನು ಊರಿಗೆಲ್ಲ ತೋರಿಸದೆ ಮನೆಗೆ ತಂದು ಅಜ್ಜಿಯ ಮುಂದೆ ಇಡಲಿ. ಅವಳಿಗೆ ಓದಲು ಬರುತ್ತದೆಯೇ? ಬೆಲೆ ನೋಡಿ ಏನೆನ್ನುತ್ತಾಳೆ? ಮರುದಿನ ಬೆಳಿಗ್ಗೆ ಇಬ್ಬರೂ ಹೊರಬಾಗಿಲ ಹತ್ತಿರ ಬರುತ್ತಾರೆ, ಮಾಪಕದ ಗಾಜು ಮಸುಕಾಗಿದೆ. ಯಾರ ಕೈ ಮೊದಲು ಮೇಲೇಳುತ್ತದೆ ಎಂದು ತಿಳಿಯಲು ನಾನು ಕಾಯುತ್ತಿರುತ್ತೇನೆ. 12 ಪುಟ ಸಾಕು. ದೀಪಾವಳಿ ವಿಶೇಷಾಂಕಕ್ಕೆ ಇನ್ನೂ ಸಮಯವಿದೆ. ಹಸ್ತಪ್ರತಿಯನ್ನು ನನ್ನ ಗುರುತುಗಳೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಹದಿನಾಲ್ಕನೆಯ ಪುಟದಲ್ಲಿ ಮಾತ್ರ ಒಂದು ಗೆರೆಯನ್ನೂ ಎಳೆದಿಲ್ಲ.

ವಿಶ್ವಾಸದಿಂದ,
ಸಂಪಾದಕ