‘ಮೊದಲು ದೇವರ ರಾಜ್ಯವನ್ನು ಹುಡುಕಿರಿ’ ಅಂದರೆ ಏನು ಮಾಡಬೇಕು?

ಬೈಬಲಿನಲ್ಲಿ ಯೇಸು ಹೇಳಿದ ಈ ಮಾತಿನಲ್ಲಿ ದೇವರ ರಾಜ್ಯ ಅಂದರೆ ಸತ್ತ ಮೇಲೆ ಹೋಗುವ ಊರು ಮಾತ್ರವಲ್ಲ, ದೇವರ ಆಳ್ವಿಕೆ. ಅದನ್ನು ಹುಡುಕುವುದೆಂದರೆ ಇವತ್ತಿನ ಬದುಕಿನಲ್ಲೇ ಆತನ ಮಾತು ಮೊದಲು ನಡೆಯಲು ಬಿಡುವುದು.

‘ರಾಜ್ಯ’ ಎಂದ ಕೂಡಲೇ ನಮಗೆ ಗಡಿ, ನಕ್ಷೆ ನೆನಪಾಗುತ್ತದೆ, ಅಲ್ವಾ? ಮೂಲ ಗ್ರೀಕಿನ ‘ಬಸಿಲೇಯ’ ಪದಕ್ಕೆ ರಾಜನ ಅಧಿಕಾರ, ಆಳ್ವಿಕೆ ಎಂಬ ಅರ್ಥವೂ ಇದೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲೂ ‘ನಿನ್ನ ರಾಜ್ಯ ಬರಲಿ’ ಎಂದ ತಕ್ಷಣ ದೇವರ ಚಿತ್ತ ಭೂಮಿಯಲ್ಲೂ ನೆರವೇರಲಿ ಎಂದು ಬರುತ್ತದೆ. ಎರಡನೆಯ ಮಾತು ಮೊದಲನೆಯದನ್ನು ಬಿಡಿಸಿ ಹೇಳುತ್ತದೆ ಎಂದೇ ನಾನು ಓದುತ್ತೇನೆ.

ನೀವು ಕೇಳಿದ ವಚನ ಬೈಬಲಿನ ಮತ್ತಾಯ ಪುಸ್ತಕದ 6:33. ಅದರ ಹಿಂದಿನ ಸಾಲುಗಳೆಲ್ಲ ಊಟ, ಬಟ್ಟೆಯ ಚಿಂತೆಯ ಬಗ್ಗೆ. ಹಾಗಂತ ಕೆಲಸ ಬಿಟ್ಟು ಸುಮ್ನೆ ಕೂರಬೇಕು ಅಂತಲ್ಲ. ಚಿಂತೆ ನಮ್ಮ ಯಜಮಾನನಾಗಬಾರದು, ಅಷ್ಟೆ. ಅದೇ ವಚನ ರಾಜ್ಯದ ಜೊತೆಗೆ ದೇವರ ನೀತಿಯನ್ನೂ ಹುಡುಕಲು ಹೇಳುತ್ತದೆ. ಸಾಲ ಜಾಸ್ತಿಯಾಗಿರುವ ಅಂಗಡಿಯವರೊಬ್ಬರು, ಗಿರಾಕಿ ಅತ್ತ ತಿರುಗಿದ್ದಾಗಲೂ ಕಾಲು ಕಿಲೋ ಬೇಳೆಯನ್ನು ಸರಿಯಾಗಿ ತೂಗಿ ಕೊಟ್ಟರೆ, ಆ ತಕ್ಕಡಿಯ ಮುಂದೆ ದೇವರ ಆಳ್ವಿಕೆ ನಡೆಯುತ್ತಿದೆ.

ಅದು ಪೂರ್ತಿಯಾಗುವುದು ಮುಂದೆ, ಶುರುವಾಗಿರುವುದು ಈಗಲೇ. ಯೇಸು ಅದನ್ನು ಹಿಟ್ಟಿನೊಳಗೆ ಸೇರಿಸಿದ ಹುಳಿಗೆ ಹೋಲಿಸಿದ್ದು ಅದಕ್ಕೇ. ಹುಳಿ ಕಣ್ಣಿಗೆ ಕಾಣುವುದಿಲ್ಲ, ಆದರೆ ಹಿಟ್ಟೆಲ್ಲ ಉಬ್ಬುತ್ತದೆ.