ಓದುಗರ ಪ್ರಶ್ನೆ: 100 ಪದ ಸಾಕಾ ಒಂದು ಕತೆಗೆ?

ಪ್ರಶ್ನೆ: ನಾನು 100 ಪದದೊಳಗಿನ ಕತೆ ಬರೆಯುತ್ತೇನೆ. ಓದಿದ ಗೆಳೆಯರು ‘ಚೆನ್ನಾಗಿದೆ, ಪೂರ್ತಿ ಕತೆ ಯಾವಾಗ ಬರೀತೀರಿ?’ ಅಂತ ಕೇಳುತ್ತಾರೆ. ಇಷ್ಟು ಚಿಕ್ಕದನ್ನು ಕತೆ ಅನ್ನಬಹುದಾ?
– ಓದುಗರೊಬ್ಬರು, ಸಾಗರ

ಉತ್ತರ: ಧೈರ್ಯವಾಗಿ ಅನ್ನಿ. ಜಪಾನಿನ ಯಸುನಾರಿ ಕವಾಬಾಟ 1968ರಲ್ಲಿ ನೊಬೆಲ್ ಪಡೆದ ಕಾದಂಬರಿಕಾರರು. ಅವರು 100ಕ್ಕೂ ಜಾಸ್ತಿ ಪುಟ್ಟ ಕತೆಗಳನ್ನು ಬರೆದರು. ಅವಕ್ಕೆ ‘ಅಂಗೈ ಕತೆಗಳು’ ಅಂತಲೇ ಹೆಸರು. 1972ರಲ್ಲಿ, ತೀರಿಕೊಳ್ಳುವ ಸ್ವಲ್ಪ ಮುಂಚೆ, ತಮ್ಮದೇ ಹೆಸರಾಂತ ಕಾದಂಬರಿಯೊಂದನ್ನು ಅಂಗೈಯಷ್ಟು ಕತೆಯಾಗಿ ಮತ್ತೆ ಬರೆದರು. ಸಣ್ಣದು ಬರೆದು ಕೈ ಪಳಗಿದ ಮೇಲೆ ದೊಡ್ಡದಕ್ಕೆ ಹೋಗಬೇಕು ಅನ್ನುವವರಿಗೆ ಇದನ್ನು ಹೇಳಿ. ನಮ್ಮ ಕಡೆಗೇ ಬಂದರೆ, ದೇಶ ಒಡೆದಾಗಿನ ಗಲಭೆಗಳ ಬಗ್ಗೆ ಸಾದತ್ ಹಸನ್ ಮಂಟೋ ಉರ್ದುವಿನಲ್ಲಿ ಬರೆದ ತುಣುಕುಗಳಿವೆ. ಕೆಲವು ಎರಡು ಮೂರು ಸಾಲು, ಅಷ್ಟೇ. ಓದಿದ ದಿನ ಊಟ ಸೇರುವುದಿಲ್ಲ.

ಪ್ರಶ್ನೆ: ಪದ ಕಡಿಮೆ ಮಾಡುತ್ತಾ ಹೋದರೆ ಕತೆ ಸುದ್ದಿ ತರಹ ಒಣಗಿಹೋಗುತ್ತದೆ. ಏನು ಮಾಡಲಿ?
– ಓದುಗರು, ಹೊಸಪೇಟೆ

ಉತ್ತರ: ನೀವು ಬಹುಶಃ ಕಂಡದ್ದನ್ನು ತೆಗೆದು, ವಿವರಣೆಯನ್ನು ಉಳಿಸಿಕೊಳ್ಳುತ್ತಿದ್ದೀರಿ. ನೋಡಿ, ‘ಅಪ್ಪ ಸತ್ತಿದ್ದನ್ನು ನಂಬದ ಅಮ್ಮ ದಿನಾ ಸಂಜೆ ಬಸ್ಸಿನಲ್ಲಿ ಅವರನ್ನು ಹುಡುಕುತ್ತಾಳೆ ಅಂತ ಊರಿಂದ ಫೋನ್ ಬಂತು.’ ಎಲ್ಲವನ್ನೂ ಹೇಳಿಬಿಟ್ಟೆ, ಓದುವವರಿಗೆ ಏನೂ ಉಳಿಯಲಿಲ್ಲ ಅಲ್ವಾ? ಈಗ ಇದನ್ನು ಓದಿ:

‘ಸಂಜೆ ಬಸ್ಸಿಗೆ ಅಮ್ಮ ಕೈ ಅಡ್ಡ ಹಿಡಿದಳಂತೆ. ಹತ್ತಿ, ಸೀಟೆಲ್ಲ ನೋಡಿ, “ಸರಿ, ಹೊರಡಪ್ಪ” ಅಂತ ಇಳಿದಳಂತೆ. ಕಂಡಕ್ಟರ್ ಇವತ್ತೂ ಏನೂ ಕೇಳಲಿಲ್ಲವಂತೆ.’

17 ಪದ. ಇಲ್ಲಿ ಅಪ್ಪನೂ ಇಲ್ಲ, ಸಾವೂ ಇಲ್ಲ, ಫೋನೂ ಇಲ್ಲ. ‘ಇವತ್ತು’ ಅಂದಿದ್ದರೆ ಒಂದು ದಿನದ ಮಾತಾಗುತ್ತಿತ್ತು, ‘ಇವತ್ತೂ’ ಅಂದ ಕೂಡಲೇ ಎಷ್ಟೋ ದಿನದಿಂದ ಇದು ನಡೆಯುತ್ತಿದೆ ಅಂತಲೂ, ಆ ಕಂಡಕ್ಟರ್ ಎಂಥವನು ಅಂತಲೂ ಗೊತ್ತಾಗುತ್ತದೆ. ‘ಅಂತೆ’ ಇದೆಯಲ್ಲ, ಅದು ಕತೆ ಹೇಳುವ ಮಗ ಅಥವಾ ಮಗಳು ಅಲ್ಲಿಲ್ಲ, ಎಲ್ಲೋ ದೂರದಲ್ಲಿ ಕೂತು ಯಾರಿಂದಲೋ ಕೇಳಿದ್ದಾರೆ ಅನ್ನುತ್ತದೆ. ಕನ್ನಡ ನಮಗೆ ಕೊಟ್ಟಿರುವ ಅನುಕೂಲ ಇದು. ‘ಕೇಳಲಿಲ್ಲವಂತೆ’ ಅನ್ನುವ ಒಂದೇ ಪದವನ್ನು ಇಂಗ್ಲಿಷಿನಲ್ಲಿ ಹೇಳಲು ನಾಲ್ಕೈದು ಪದ ಬೇಕು. ಹಾಗಾಗಿ ನಮ್ಮ 100 ಪದ ಅವರ 100 ಪದಕ್ಕಿಂತ ದೊಡ್ಡ ಜಾಗ. ಪದ ಎಣಿಸುವ ಮೊದಲು ಕ್ರಿಯಾಪದದ ಬಾಲ ನೋಡಿ, ಅರ್ಧ ಕತೆ ಅಲ್ಲೇ ಹಿಡಿಸುತ್ತದೆ.

ಹೆಸರನ್ನೂ ಸುಮ್ನೆ ಬಿಡಬೇಡಿ. ಇದಕ್ಕೆ ‘ಕೊನೇ ಬಸ್ಸು’ ಅಂತ ಇಟ್ಟರೆ ಏನೂ ಸೇರುವುದಿಲ್ಲ. ‘ಹದಿಮೂರನೇ ವರ್ಷ’ ಅಂತ ಇಟ್ಟು ನೋಡಿ.

ಒಂದು ಬೇಸರವನ್ನೂ ಹೇಳುತ್ತೇನೆ. ನಮ್ಮಲ್ಲಿ ಬರುವ ಬಹಳಷ್ಟು ಪುಟ್ಟ ಕತೆಗಳು ಕೊನೇ ಸಾಲಿನಲ್ಲಿ ಪಟಾಕಿ ಹೊಡೆಯುವುದಕ್ಕೇ ಬರೆದಂತಿರುತ್ತವೆ. ಅವನು ದೆವ್ವ, ಅವಳು ಕನಸು, ಹೀಗೆ. ಎರಡನೇ ಸಲ ಓದಿದರೆ ಅಲ್ಲಿ ಹೊಗೆಯೂ ಇರುವುದಿಲ್ಲ.

ಪ್ರಶ್ನೆ: ನಮ್ಮ ಊರಿನ ಗ್ರಂಥಾಲಯದಲ್ಲಿ ಪುಟ್ಟ ಕತೆಗಳಿಗೆ ಅಂತಲೇ ಒಂದು ದಿನ ಮಾಡೋಣ ಅಂತಿದ್ದೇವೆ. ಹೇಗೆ ಮಾಡಬಹುದು?
– ಗೆಳತಿಯರ ಗುಂಪು, ಪುತ್ತೂರು

ಉತ್ತರ: ಖಂಡಿತ ಮಾಡಿ! ಬ್ರಿಟನ್ನಿನಲ್ಲಿ 2012ರಿಂದ ಇದಕ್ಕೆಂದೇ ಒಂದು ದಿನ ಇಟ್ಟುಕೊಂಡಿದ್ದಾರೆ. 100 ಪದ ಓದಲು ಹೆಚ್ಚುಕಡಿಮೆ ಒಂದು ನಿಮಿಷ ಸಾಕು, ಒಂದು ಗಂಟೆಯಲ್ಲಿ ಇಪ್ಪತ್ತು ಜನ ಆರಾಮಾಗಿ ಓದಬಹುದು. ಭಾಷಣ ಬೇಡ, ಬಹುಮಾನವೂ ಬೇಡ. ಒಂದು ಕತೆ ಮುಗಿದ ಮೇಲೆ ಕೂಡಲೇ ಚಪ್ಪಾಳೆ ತಟ್ಟದೆ ಸ್ವಲ್ಪ ಹೊತ್ತು ಸುಮ್ಮನೆ ಕೂರಿ. ‘ಇದರ ಅರ್ಥ ಏನು?’ ಅಂತ ಬರೆದವರನ್ನು ಮಾತ್ರ ಕೇಳಬೇಡಿ, ಪಕ್ಕದವರನ್ನು ಕೇಳಿ. ಕತೆಗಳನ್ನು ಒಂದೊಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗಿಬಿಡಿ, ಪೇಪರ್ ಓದಲು ಬಂದವರೂ ನಿಂತು ಓದುತ್ತಾರೆ. ಮೈಕ್ ಮುಂದೆ ಯಾವತ್ತೂ ನಿಲ್ಲದವರನ್ನು ಮೊದಲು ಕರೆಯಿರಿ, ಒಂದು ನಿಮಿಷ ಅಂದರೆ ಅವರೂ ಒಪ್ಪುತ್ತಾರೆ.

ದಿನ ಗೊತ್ತಾದ ಕೂಡಲೇ ಒಂದು ಕಾರ್ಡ್ ಹಾಕಿ. ನಾನೂ ಬರುತ್ತೇನೆ, ನನಗೂ ಒಂದು ನಿಮಿಷ ಇಟ್ಟಿರಿ.