ಆನ್‌ಲೈನ್ ಅಂಗಡಿ ಮಾಡಿಸಬೇಕು, ವೆಬ್ ಡೆವಲಪರ್‌ನ ಹೇಗೆ ಆರಿಸೋದು?

ಶಿರಸಿಯಲ್ಲಿ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರ್ತಿದ್ದೀನಿ, ಸ್ವಂತ ವೆಬ್‌ಸೈಟ್ ಬೇಕು, ಒಬ್ಬರು 35 ಸಾವಿರ ಕೇಳಿದ್ದಾರೆ, ಇನ್ನೊಬ್ಬರು 1 ಲಕ್ಷ 20 ಸಾವಿರ, ಯಾರಿಗೆ ಕೊಡಲಿ ಅಂತ ಕೇಳಿದ್ದೀರಿ. ರೇಟು ಆಮೇಲೆ ನೋಡೋಣ. ಮೊದಲು ಇಬ್ಬರನ್ನೂ ಒಂದೇ ಮಾತು ಕೇಳಿ: ಡೊಮೇನ್, ಅಂದರೆ ಸೈಟ್‌ನ ವಿಳಾಸ, ಯಾರ ಹೆಸರಲ್ಲಿರುತ್ತೆ?

ನಾವು ಬಾಗಲಕೋಟೆ ಜಿಲ್ಲೆಯವರು. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರುತ್ತೇವೆ. 2019ರಲ್ಲಿ ಪರಿಚಯದ ಹುಡುಗನೊಬ್ಬ ಸೈಟ್ ಮಾಡಿಕೊಟ್ಟ. ಕೆಲಸ ಚೆನ್ನಾಗಿಯೇ ಇತ್ತು. ಆದರೆ ಡೊಮೇನ್, ಹೋಸ್ಟಿಂಗ್ (ಸೈಟ್ ಇಡುವ ಬಾಡಿಗೆ ಜಾಗ) ಎರಡನ್ನೂ ತನ್ನ ಮೇಲ್ ಐಡಿಯಲ್ಲೇ ತಗೊಂಡಿದ್ದ. ನಮಗದು ಗೊತ್ತಾಗಿದ್ದು 2021ರ ದೀಪಾವಳಿ ವಾರದಲ್ಲಿ. ಪುಣೆಯ ಗಿರಾಕಿಯೊಬ್ಬರು ಫೋನ್ ಮಾಡಿ ಸೈಟ್ ಓಪನ್ ಆಗ್ತಿಲ್ಲ ಅಂದರು. ರಿನ್ಯೂವಲ್ ಮೇಲ್‌ಗಳೆಲ್ಲ ಅವನಿಗೆ ಹೋಗಿದ್ದವು. ಅವನು ಬೇರೆ ಕೆಲಸಕ್ಕೆ ಸೇರಿ ನಂಬರ್ ಬದಲಿಸಿದ್ದ. ಅವನನ್ನು ಹುಡುಕಿ ಹಿಡಿಯುವಷ್ಟರಲ್ಲಿ ನಮ್ಮ ಹೆಸರು ಬೇರೆಯವರ ಪಾಲಾಗಿತ್ತು. ಹೊಸ ಹೆಸರು ತಗೊಂಡೆವು. ಹಳೇ ವಿಳಾಸ ಅಚ್ಚಾಗಿದ್ದ ಆರುನೂರು ಕೈಚೀಲ ಮನೆಯಲ್ಲಿ ಬಿದ್ದಿದ್ದವು. ರಾತ್ರಿ ಊಟ ಆದ ಮೇಲೆ ಅವ್ವ ಮತ್ತು ನಾನು ಕೂತು ಒಂದೊಂದಕ್ಕೂ ಹೊಸ ವಿಳಾಸದ ಸ್ಟಿಕ್ಕರ್ ಅಂಟಿಸಿದೆವು. ಮೂರು ರಾತ್ರಿ ಹಿಡೀತು.

ಹಾಗಾಗಿ ಡೊಮೇನನ್ನು ನೀವೇ ಕೊಳ್ಳಿ. ನಿಮ್ಮ ಮೇಲ್, ನಿಮ್ಮ ಫೋನ್ ನಂಬರ್ ಕೊಟ್ಟು, ನಿಮ್ಮ ಹಣದಲ್ಲಿ. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಹೋಸ್ಟಿಂಗ್ ಕೂಡ ಹಾಗೇ. ಗಿರಾಕಿ ಸೈಟ್‌ನಲ್ಲಿ ಕಟ್ಟಿದ ಹಣವನ್ನು ನಿಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ಅಂತೂ ನಿಮ್ಮ ಪ್ಯಾನ್, ನಿಮ್ಮ ಬ್ಯಾಂಕ್ ಖಾತೆ ಮೇಲೆಯೇ ಇರಬೇಕು. ಡೆವಲಪರ್‌ಗೆ ಬೇರೆ ಲಾಗಿನ್ ಮಾಡಿಕೊಡಿ, ಕೆಲಸ ಮುಗಿದ ದಿನ ತೆಗೆದುಹಾಕಬಹುದು. ಇದಕ್ಕೆ ಒಪ್ಪದವರು ಹತ್ತು ಸಾವಿರಕ್ಕೆ ಮಾಡ್ತೀನಿ ಅಂದರೂ ಬೇಡ.

ಇನ್ನು ರೇಟು. ನಿಮ್ಮದು ಹೆಚ್ಚೆಂದರೆ ಹದಿನೈದು ಇಪ್ಪತ್ತು ಬಗೆ ಸಾಮಾನು ಇರಬಹುದು, ಅಲ್ವಾ? ದೊಡ್ಡ ಮೊತ್ತ ಕೇಳಿದವರು ಎಲ್ಲವನ್ನೂ ಮೊದಲಿಂದ ಕೋಡ್ ಬರೆದು ಕಟ್ತೀನಿ ಅನ್ನೋರಾದರೆ, ನಿಮಗೆ ಅದು ಬೇಕಿಲ್ಲ. ಅವರು ಬಿಟ್ಟುಹೋದರೆ ಇನ್ನೊಬ್ಬರು ಅದಕ್ಕೆ ಕೈ ಹಾಕೋದು ಕಷ್ಟ. ಸಿದ್ಧ ಸಾಫ್ಟ್‌ವೇರ್‌ಗಳೇ ಇವೆ. ಸೈಟ್ ಕಟ್ಟುವ ವರ್ಡ್‌ಪ್ರೆಸ್ ಮೇಲೆ ಹಾಕುವ ವೂಕಾಮರ್ಸ್ ಉಚಿತ, ಆದರೆ ಅಪ್‌ಡೇಟ್, ಬ್ಯಾಕಪ್ ನೋಡಿಕೊಳ್ಳೋಕೆ ಒಬ್ಬರು ಬೇಕು. ಸಿದ್ಧ ಅಂಗಡಿ ಕೊಡುವ ಶಾಪಿಫೈಗೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು, ಆ ತಲೆನೋವು ಕಡಿಮೆ. ಯಾವುದಾದರೂ ಸರಿ. ಎರಡೂ ಬಲ್ಲವರು ಬೇಕಾದಷ್ಟು ಜನ ಸಿಗ್ತಾರೆ.

ಕೊನೆಯ ಕಂತು ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಇದನ್ನು ಮಾತ್ರ ತಪ್ಪಿಸಬೇಡಿ. ಒಂದು ರೂಪಾಯಿಯ ಸಾಮಾನು ಹಾಕಿಸಿ, ನಿಮ್ಮ ಫೋನಿಂದ ಆರ್ಡರ್ ಮಾಡಿ, ಯುಪಿಐ ಆ್ಯಪ್‌ನಲ್ಲಿ ಹಣ ಕಟ್ಟಿ. ಕಟ್ಟಿದ ಮೇಲೆ ಸೈಟ್‌ಗೆ ವಾಪಸ್ ಬರಬೇಡಿ, ಬ್ರೌಸರ್ ಮುಚ್ಚಿಬಿಡಿ. ಗಿರಾಕಿಗಳು ಎಷ್ಟೋ ಸಲ ಮಾಡೋದು ಹೀಗೇ. ಆಗಲೂ ನಿಮ್ಮ ಆರ್ಡರ್ ಪಟ್ಟಿಯಲ್ಲಿ ಹಣ ಬಂದಿದೆ ಅಂತ ತೋರಿಸಬೇಕು. ತೋರಿಸಲಿಲ್ಲ ಅಂದರೆ ವೆಬ್‌ಹುಕ್ ಸರಿಯಾಗಿ ಹಾಕಿಲ್ಲ ಅಂತ ಅರ್ಥ. ಹಣ ಬಂದ ಸುದ್ದಿಯನ್ನು ಗೇಟ್‌ವೇ ನೇರವಾಗಿ ಸೈಟ್‌ಗೆ ತಿಳಿಸುವ ವ್ಯವಸ್ಥೆ ಅದು. ನಮ್ಮಲ್ಲಿ ಇದೊಂದು ಇರಲಿಲ್ಲ. ಹಣ ಕಟ್ಟಿದವರು ಫೋನ್ ಮಾಡಿ ಸೀರೆ ಎಲ್ಲಿ ಅಂತ ಕೇಳ್ತಿದ್ದರು, ನಮ್ಮ ಪಟ್ಟಿಯಲ್ಲಿ ಅವರ ಹೆಸರೇ ಇರ್ತಿರಲಿಲ್ಲ. ಒಬ್ಬ ಅಜ್ಜಿ ಮೊಮ್ಮಗಳ ಮದುವೆಗೆ ಅಂತ ತಗೊಂಡಿದ್ದರು, ಅವರ ದನಿ ಇನ್ನೂ ನೆನಪಿದೆ. ಅದೇ ಒಂದು ರೂಪಾಯಿಯನ್ನು ರಿಫಂಡ್ ಮಾಡಿಯೂ ನೋಡಿ.

ಕೊರಿಯರ್ ವಿಷಯದಲ್ಲಿ ನಿಮಗೆ ನಮಗಿಂತ ಜಾಸ್ತಿ ಎಚ್ಚರ ಬೇಕು. ಸೀರೆ ಮಡಚಿದರೆ ಚಿಕ್ಕದಾಗುತ್ತೆ, ಗಾಜಿನ ಬಾಟಲಿ ಆಗಲ್ಲ. ಕೊರಿಯರ್‌ನವರು ತೂಕ ಮಾತ್ರ ನೋಡಲ್ಲ, ಡಬ್ಬದ ಅಳತೆಯನ್ನೂ ನೋಡ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸ್ತಾರೆ. 30, 20, 20ರ ಡಬ್ಬ ಅಂದರೆ 2.4 ಕೆಜಿ. ಒಳಗೆ ಒಂದು ಕೆಜಿ ಉಪ್ಪಿನಕಾಯಿ ಇದ್ದರೂ 2.4ಕ್ಕೇ ಬಿಲ್ಲು. ಆದ್ದರಿಂದ ಎಲ್ಲರಿಗೂ 60 ರೂಪಾಯಿ ಶಿಪ್ಪಿಂಗ್ ಅಂತ ಸುಮ್ನೆ ಹಾಕಿಸಬೇಡಿ. ಡಬ್ಬದ ಅಳತೆ, ಪಿನ್‌ಕೋಡ್ ನೋಡಿ ಲೆಕ್ಕ ಹಾಕುವ ಹಾಗೆ ಮಾಡಿಸಿ.

ಗೇಟ್‌ವೇ ಶುಲ್ಕ ಸಾಮಾನ್ಯವಾಗಿ ನೂರಕ್ಕೆ 2 ರೂಪಾಯಿ, ಆ ಶುಲ್ಕದ ಮೇಲೆ 18% ಜಿಎಸ್‌ಟಿ. ಖಾತೆ ಚಾಲು ಮಾಡುವ ಮುಂಚೆ ಗೇಟ್‌ವೇನವರು ರಿಫಂಡ್, ಶಿಪ್ಪಿಂಗ್ ನಿಯಮಗಳ ಪುಟ ಇದೆಯಾ ಅಂತ ನೋಡ್ತಾರೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ನಿಮ್ಮ ವಿಳಾಸ, ದೂರು ಕೇಳುವವರ ಹೆಸರೂ ಸೈಟ್‌ನಲ್ಲಿರಬೇಕು. ತಿನ್ನುವ ಪದಾರ್ಥ, ಹಾಗಾಗಿ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಂಬರ್ ಬೇಕು. ಹೊರರಾಜ್ಯಕ್ಕೆ ಕಳಿಸುವುದಾದರೆ ಜಿಎಸ್‌ಟಿ ಬಗ್ಗೆ ಈಗಲೇ ಆಡಿಟರ್ ಹತ್ರ ಮಾತಾಡಿ.

ಹಣವನ್ನು ಮೂರು ಕಂತು ಮಾಡಿ. ಶುರುವಿಗೆ ಸ್ವಲ್ಪ, ಸೈಟ್ ಕಣ್ಣಿಗೆ ಕಂಡಾಗ ಸ್ವಲ್ಪ, ಚಾಲು ಆಗಿ ಹದಿನೈದು ದಿನಕ್ಕೆ ಉಳಿದದ್ದು. ಏನೇನು ಮಾಡಿಕೊಡ್ತಾರೆ ಅನ್ನೋದನ್ನು ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಅಡ್ವಾನ್ಸ್ ಕೊಡುವ ಮುಂಚೆ ಇಬ್ಬರೂ ಹಿಂದೆ ಮಾಡಿಕೊಟ್ಟ ಎರಡೆರಡು ಅಂಗಡಿಗಳ ಲಿಂಕ್ ಕೇಳಿ. ಮಾಲೀಕರಿಗೆ ನೀವೇ ಫೋನ್ ಮಾಡಿ, ಭಾನುವಾರ ಸೈಟ್ ನಿಂತುಹೋದರೆ ಇವರು ಫೋನ್ ಎತ್ತುತ್ತಾರಾ ಅಂತ ವಿಚಾರಿಸಿ.